ಹೊಡೆದ ಸಾಲಿನ ಕೆಳಗಿನ ಚುಕ್ಕಿ

ಆಂಟಿಯ ಬಲಗೈ ನಡುಬೆರಳಿನ ಗೆಣ್ಣಿನ ಪಕ್ಕದಲ್ಲಿ ಹುಣಸೆಬೀಜದಷ್ಟು ದೊಡ್ಡ ಗಂಟೊಂದಿತ್ತು. ವರ್ಷಾನುಗಟ್ಟಲೆ ಪೆನ್ನು ಒತ್ತಿ ಒತ್ತಿ ಎದ್ದ ಗಂಟು. ಅದರ ಸುತ್ತ ಯಾವಾಗಲೂ ಕೆಂಪು ಮಸಿ. ಪಾತ್ರೆ ತೊಳೆದರೂ, ಚಪಾತಿ ಹಿಟ್ಟು ನಾದಿದರೂ ಅದು ಹೋಗುತ್ತಿರಲಿಲ್ಲ. ಮೊದಲ ಸಲ ಕಂಡಾಗ ನಾನು ರಕ್ತವೆಂದೇ ತಿಳಿದು, "ಅಯ್ಯೋ ಆಂಟಿ, ಕೈ ಕುಯ್ಕೊಂಡಿದ್ದೀರಾ?" ಎಂದು ಗಾಬರಿಯಾಗಿದ್ದೆ. ಅವರು ಬೆರಳನ್ನು ಸೆರಗಿಗೆ ಒರೆಸಿಕೊಂಡು, "ಗಾಯ ನನಗಲ್ಲಮ್ಮ, ಬರೆದೋರಿಗೆ" ಎಂದು ನಕ್ಕರು.

ಈಗ ಅವರಿಲ್ಲ. ಅವರ ಬಗ್ಗೆ ಬರೆಯೋಣವೆಂದು ಕೂತರೆ ಮೊದಲು ನೆನಪಾಗುವುದು ಒಂದು ಜಗಳ, ಆಮೇಲೆ ಅವರ ಋಣ, ಆಮೇಲೆ ಮತ್ತೆ ಅದೇ ಜಗಳ. ಅವರು ನನಗೆ ಒಳ್ಳೆಯದು ಮಾಡಿದರೋ ಕೆಟ್ಟದ್ದು ಮಾಡಿದರೋ ಎಂದು ಯಾರಾದರೂ ಕೇಳಿದರೆ ಎರಡೂ ಹೌದು ಎನ್ನುತ್ತೇನೆ. ಅದು ಉತ್ತರವಲ್ಲ ಎಂದೂ ಗೊತ್ತು.

ಅಮೆರಿಕಕ್ಕೆ ಬರುವ ಮೊದಲು ಅವರು ಮೈಸೂರಿನ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದರು. ಅಂಕಲ್‌ಗೆ ಶಿಕಾಗೋ ಕಡೆ ಕೆಲಸ ಸಿಕ್ಕಿ, ಇಬ್ಬರೂ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಮನೆ ಮಾಡಿದ ಮೇಲೆ ತಿದ್ದಲು ಕರಡೇ ಇಲ್ಲದೆ ಕೈ ಕಟ್ಟಿಹಾಕಿದಂತಾಯಿತಂತೆ. ಆಗಿನಿಂದ ಸಿಕ್ಕಿದ್ದನ್ನೆಲ್ಲ ತಿದ್ದತೊಡಗಿದರು. ದೇವಸ್ಥಾನದ ಬೋರ್ಡಿನಲ್ಲಿ ಯಾರೋ 'ಪ್ರಸಾಧ ವಿನಿಯೋಗ' ಎಂದು ಬರೆದಿದ್ದರೆ ಮಂಗಳಾರತಿ ಮುಗಿಯುವ ತನಕವೂ ಕಾಯುತ್ತಿರಲಿಲ್ಲ, ಎದ್ದು ಹೋಗಿ 'ಧ'ವನ್ನು ಹೊಡೆದು ಬರುತ್ತಿದ್ದರು. ಕೊನೆಗೆ ಕಮಿಟಿಯವರೇ ಸೋತು, ಬೋರ್ಡಿಗೆ ಹಾಕುವ ಮೊದಲು ಅವರಿಗೆ ತೋರಿಸತೊಡಗಿದರು. ಮನೆಯಲ್ಲಿ ಅಂಕಲ್ ಬರೆದ ಸಾಮಾನಿನ ಪಟ್ಟಿಯೂ ತಿದ್ದಿಸಿಕೊಂಡೇ ಅಂಗಡಿಗೆ ಹೋಗುತ್ತಿತ್ತು.

"ಕೊತಂಬರಿ ಅಂತ ಬರೆದ್ರೆ ಅಂಗಡೀಲಿ ಕೊಡಲ್ವೇನೇ?" ಎಂದು ಅಂಕಲ್ ಗೊಣಗುವರು.

"ಕೊಡ್ತಾರೆ. ಒತ್ತಿಲ್ಲದ್ದು ಕೊಡ್ತಾರೆ" ಎನ್ನುವರು ಆಂಟಿ.

ನನಗೆ ಅವರ ಪರಿಚಯವಾದದ್ದೂ ಹೀಗೆಯೇ, ಒಂದು ಅಕ್ಷರದ ತಪ್ಪಿನಿಂದ. ನಾನು ಮಿಶಿಗನ್‌ನ ವಾರೆನ್‌ನಲ್ಲಿ ಕಾರು ಕಂಪನಿಯೊಂದರ ಎಂಜಿನಿಯರ್. ಕಾರಿನ ಬಾಗಿಲಿನ ಸುತ್ತ ಕಪ್ಪು ರಬ್ಬರಿನ ಅಂಚು ಇರುತ್ತದಲ್ಲ, ಅದೇ ನನ್ನ ಕೆಲಸ. ನೀರು, ಗಾಳಿ, ಸದ್ದು ಒಳಗೆ ಬಾರದಂತೆ ನೋಡಿಕೊಳ್ಳುವುದು. ಬಿಡುವಿನಲ್ಲಿ ಕನ್ನಡದಲ್ಲಿ ಒಂದು ಬ್ಲಾಗ್ ಬರೆಯುತ್ತಿದ್ದೆ. ಅದರ ಹೆಸರು 'ಬಾಗಿಲ ಸಂದಿ'. ಓದುವವರು ಎಲ್ಲ ಸೇರಿ ಒಂದು ಮಿನಿ ಬಸ್ಸಿನಷ್ಟು ಜನ. ಒಮ್ಮೆ ಚಳಿಗಾಲದ ಒಂದು ಮಧ್ಯಾಹ್ನದ ಬಗ್ಗೆ ಬರೆದು ಹಾಕಿದೆ. ಗುರುತಿಲ್ಲದವರಿಂದ ಒಂದು ಕಾಮೆಂಟ್ ಬಂತು: "ಮದ್ಯಾಹ್ನ ಅಲ್ಲ, ಮಧ್ಯಾಹ್ನ. ನೀವು ಬರೆದ ಹಾಗೆ ಬರೆದರೆ ಅದು ಹೆಂಡದ ಹೊತ್ತಾಗುತ್ತದೆ. ಉಳಿದಂತೆ ಲೇಖನ ಚೆನ್ನಾಗಿದೆ. ಅಳು ಬಂತು."

ನನಗೆ ಸಿಟ್ಟು ಬಂತು, ಖುಷಿಯೂ ಆಯಿತು. ಅವರೊಂದಿಗಿನ ನನ್ನ ಸಂಬಂಧ ಕೊನೆಯವರೆಗೂ ಹಾಗೆಯೇ ಇತ್ತು.

ವಾರೆನ್‌ನಿಂದ ಅವರ ಮನೆಗೆ ಮುನ್ನೂರು ಮೈಲಿ, ಐದು ಗಂಟೆ ಡ್ರೈವ್. ಇಂಡಿಯಾನಾ ದಾಟುವಾಗ ಗಡಿಯಾರ ಹಿಂದೆ ಸರಿದು ಒಂದು ಗಂಟೆ ಉಳಿಯುತ್ತದೆ, ವಾಪಸ್ ಬರುವಾಗ ಅದನ್ನು ಹಿಂತಿರುಗಿಸಬೇಕು. ಮೊದಲ ಸಲ ಹೋದಾಗ ಅವರು ನನ್ನ ಹಳೆಯ ಬರಹಗಳನ್ನೆಲ್ಲ ಪ್ರಿಂಟ್ ತೆಗೆದು, ತಿದ್ದಿ, ಪಿನ್ ಹೊಡೆದು ಇಟ್ಟಿದ್ದರು. "ಸ್ಕ್ರೀನ್ ಮೇಲೆ ತಪ್ಪು ಕಾಣಲ್ಲ ಕಣಮ್ಮ. ಕಾಗದಕ್ಕೆ ಇಳಿದ್ರೆ ತಾನಾಗೇ ಕೈ ಎತ್ತುತ್ತೆ" ಎಂದರು. ಉಪ್ಪಿಟ್ಟು ಆರುತ್ತಿದ್ದರೂ ಲೆಕ್ಕಿಸದೆ, ಕರಡು ತಿದ್ದುವ ಗುರುತುಗಳನ್ನು ಒಂದೊಂದಾಗಿ ಹೇಳಿಕೊಟ್ಟರು. ಪದದ ಮೇಲೆ ಗೆರೆ ಎಳೆದು ಕೊನೆಗೊಂದು ಬಾಲ ಬಿಟ್ಟರೆ 'ತೆಗೆ' ಎಂದು. ಹಾಗೆ ಹೊಡೆದ ಪದ ಬೇಕೆನಿಸಿದರೆ ಅದರ ಪ್ರತಿ ಅಕ್ಷರದ ಕೆಳಗೂ ಒಂದೊಂದು ಚುಕ್ಕಿ ಇಟ್ಟು, ಅಂಚಿನಲ್ಲಿ 'ಇರಲಿ' ಎಂದು ಬರೆಯಬೇಕು.

"ಹೊಡೆಯೋಕೆ ಒಂದು ಗೆರೆ ಸಾಕು. ಉಳಿಸ್ಕೋಬೇಕು ಅಂದ್ರೆ ಮಾತ್ರ ಒಂದೊಂದು ಅಕ್ಷರಕ್ಕೂ ಬಗ್ಗಬೇಕು" ಎಂದರು. ನಾನು ಹೂಂಗುಟ್ಟಿದೆ. ನನ್ನ ಗಮನ ಉಪ್ಪಿಟ್ಟಿನ ಮೇಲಿತ್ತು.

ಇನ್ನೊಬ್ಬ ಓದುಗರ ಬಗ್ಗೆಯೂ ಈಗಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವರು ನನ್ನ ಅತ್ತೆ. ಮೈಸೂರಿನ ಸರಸ್ವತಿಪುರಂನಲ್ಲಿದ್ದಾರೆ. ಬ್ಲಾಗಿನಲ್ಲಿ ಏನು ಹಾಕಿದರೂ ಅದೇ ದಿನ ಓದುವರು. ಓದಿ ಫೋನಿನಲ್ಲಿ ಒಂದೇ ಮಾತು: "ಓದಿದೆ." ಚೆನ್ನಾಗಿದೆ ಎಂದಲ್ಲ, ಇಲ್ಲ ಎಂದೂ ಅಲ್ಲ. ಸೊಸೆ ಮನೆಯ ಮಾತನ್ನು ಊರಿಗೆಲ್ಲ ಹಂಚುತ್ತಾಳೆಂದು ಅವರಿಗೆ ಒಳಗೊಳಗೇ ಕಸಿವಿಸಿ ಇತ್ತು. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. ನನ್ನ ಗಂಡನಿಗೆ ಕನ್ನಡ ಓದಲು ಬಾರದು. ಮಾವನವರ ವರ್ಗಾವರ್ಗಿಯ ನೌಕರಿಯಿಂದಾಗಿ ಅವನು ಓದಿದ್ದೆಲ್ಲ ಉತ್ತರದ ಊರುಗಳಲ್ಲಿ.

ಇಂಥ ಹೊತ್ತಿನಲ್ಲಿ ಕಂಪನಿ ನನ್ನನ್ನು ಒಂದೂವರೆ ವರ್ಷದ ಮಟ್ಟಿಗೆ ಚೀನಾದ ಒಂದು ಕಾರ್ಖಾನೆಗೆ ಕಳಿಸಿತು. ಡಿಯರ್‌ಬಾರ್ನ್‌ನಲ್ಲಿ ಕೆಲಸವಿದ್ದ ಗಂಡ ಇಲ್ಲೇ ಉಳಿದ. ಹೋಗುವ ಮೊದಲೇ ಗೊತ್ತಾದದ್ದೇನೆಂದರೆ, ನನ್ನ ಬ್ಲಾಗ್ ಇರುವ ತಾಣ ಅಲ್ಲಿ ತೆರೆಯುವುದೇ ಇಲ್ಲ. ಅಲ್ಲಿನ ಸರ್ಕಾರ ಅದನ್ನು ಮುಚ್ಚಿದೆ. ಮುಚ್ಚಿದ್ದನ್ನು ದಾಟುವ ಕಳ್ಳದಾರಿಗಳಿದ್ದವು. ಆದರೆ ಅಂಥ ದಾರಿ ಹಿಡಿಯುವುದಿಲ್ಲವೆಂದು ಕಂಪನಿಯ ಕಾಗದಕ್ಕೆ ಸಹಿ ಹಾಕಿದ್ದೆ. ಧೈರ್ಯವೂ ಇರಲಿಲ್ಲ. ಹೊರಡುವ ಮುಂಚಿನ ಶನಿವಾರ ಹಾಫ್‌ಮನ್ ಎಸ್ಟೇಟ್ಸ್‌ಗೆ ಹೋಗಿ ಆಂಟಿಯ ಮುಂದೆ ಅಳುಮೋರೆ ಹಾಕಿ ನಿಂತೆ.

"ಅದಕ್ಯಾಕೆ ಅಷ್ಟು ಯೋಚ್ನೆ? ನೀನು ಮೇಲ್ ಮಾಡು, ನಾನು ತಿದ್ದಿ ಹಾಕ್ತೀನಿ. ಪಾಸ್‌ವರ್ಡ್ ಕೊಟ್ಟು ಹೋಗು" ಎಂದರು.

ಆಗ ನಾನೊಂದು ಮಾತು ಹೇಳಿದೆ. ಅಥವಾ ಹೇಳಿದೆ ಎಂದುಕೊಂಡೆ. ಅವರು ಅಡುಗೆಮನೆಯಲ್ಲಿ ಚಟ್ನಿಗೆ ಹಾಕಿದ್ದರು, ಮಿಕ್ಸಿ ಗರ್ ಎನ್ನುತ್ತಿತ್ತು. ನಾನು ಅದರ ಸದ್ದಿನ ಮೇಲೆ ದನಿ ಎತ್ತಿ ಹೇಳಿದೆ: "ಆಂಟಿ, ಮೇಲ್‌ನಲ್ಲಿ ಸರ್ಕಾರ, ಪೊಲೀಸು ಅಂತೆಲ್ಲ ಬರೆಯೋಕೆ ಭಯ. ಅದಕ್ಕೆಲ್ಲ ಅತ್ತೆ ಅಂತ ಬರೀತೀನಿ. ಅತ್ತೆ ಅಂದ್ರೆ ನಮ್ಮತ್ತೆ ಅಲ್ಲ, ಅರ್ಥ ಮಾಡ್ಕೊಳ್ಳಿ." ಅವರು ನನ್ನ ಕಡೆ ನೋಡಿ ತಲೆ ಆಡಿಸಿದರು. "ಹೂಂ ಹೂಂ, ಬರಿ ಬರಿ" ಎಂದರು.

ಅವರಿಗೆ ಕೇಳಿಸಿತೋ ಇಲ್ಲವೋ ಎನ್ನುವುದು ನನಗೆ ಈ ಹೊತ್ತಿಗೂ ಗೊತ್ತಿಲ್ಲ.

ಅತ್ತೆ ಎಂಬ ಪದವೇ ಯಾಕೆ ಹೊಳೆಯಿತೆಂದರೆ, ಮನೆಗೆ ಬಂದ ಕಾಗದವನ್ನು ಸೊಸೆಗಿಂತ ಮೊದಲು ಒಡೆದು ಓದುವವರು, ಯಾವ ಬಾಗಿಲು ಯಾವಾಗ ಹಾಕಬೇಕೆಂದು ತೀರ್ಮಾನಿಸುವವರು ಯಾರು ಎಂದು ಯೋಚಿಸಿದಾಗ ಕನ್ನಡದ ಯಾವ ಹೆಣ್ಣಿಗೂ ಬೇರೆ ಪದ ಹೊಳೆಯುವುದಿಲ್ಲ. ನನ್ನ ಅತ್ತೆ ಅಂಥವರಲ್ಲ. ಆದರೂ ಹೊಳೆಯಿತು. ಕನ್ನಡ ಅಲ್ಲಿ ಯಾರಿಗೆ ಬರುತ್ತದೆ ಎಂದು ಗಂಡ ನಕ್ಕ. ಅನುವಾದ ಮಾಡುವ ಯಂತ್ರಕ್ಕೆ ಬರುತ್ತದಲ್ಲ ಎಂದೆ ನಾನು. ನನ್ನ ಭಯ ನ್ಯಾಯವಾದದ್ದೋ ಬರೀ ಪುಕ್ಕಲುತನವೋ, ಅದೂ ತಿಳಿಯದು.

ಚೀನಾಕ್ಕೆ ಹೋಗಿ ಬರೆಯತೊಡಗಿದೆ. "ಇಲ್ಲಿ ಅತ್ತೆ ಬಾಗಿಲು ಹಾಕಿದರೆ ತೆಗೆಯುವವರಿಲ್ಲ." "ಇವತ್ತು ಏನೋ ಹುಡುಕಲು ಹೋದೆ, ಅತ್ತೆ ಬೇಡವೆಂದರು." "ಅತ್ತೆಯ ಕಣ್ಣು ತಪ್ಪಿಸಿ ಬರೆಯುತ್ತಿದ್ದೇನೆ." ಬರೆಯುವಾಗ ನನಗೆ ಒಳಗೇ ನಗು. ಎಂಥ ಜಾಣೆ ನಾನು ಎಂಬ ಹೆಮ್ಮೆ. ಪ್ರತಿ ಮೇಲ್ ಕೊನೆಗೆ 'ಹಾಕಿದ ಮೇಲೆ ಇದನ್ನು ಅಳಿಸಿಬಿಡಿ' ಎಂದು ಬರೆಯುತ್ತಿದ್ದೆ, ನಾನೂ ನನ್ನ ಕಡೆಯದನ್ನು ಅಳಿಸುತ್ತಿದ್ದೆ. ಆಂಟಿಯ ಉತ್ತರ ಚುಟುಕಾಗಿ ಬರುತ್ತಿತ್ತು: "ಹಾಕಿದ್ದೇನೆ. ಆರು ತಪ್ಪು. ಧೈರ್ಯವಾಗಿರು, ಎಲ್ಲ ಮನೆಯಲ್ಲೂ ಇದ್ದದ್ದೇ." ಎಲ್ಲ ಮನೆಯಲ್ಲೂ ಎಂದರೆ ಎಲ್ಲ ದೇಶದಲ್ಲೂ ಎಂದು ನಾನು ಅರ್ಥ ಮಾಡಿಕೊಂಡೆ. ಸಂಕೇತ ಭಾಷೆಯನ್ನು ಎಷ್ಟು ಚೆನ್ನಾಗಿ ಹಿಡಿದುಬಿಟ್ಟರಲ್ಲ ಎಂದು ಬೆರಗಾದೆ. ಅಯ್ಯೋ ನನ್ನ ಬುದ್ಧಿಯೇ.

ಗಂಡನನ್ನು ಕೇಳಿದರೆ, "ಹೊಸದು ಬಂದಿದೆ, ಫೋಟೋ ಚೆನ್ನಾಗಿದೆ" ಎನ್ನುತ್ತಿದ್ದ. ಅವನಿಗೆ ತಿಳಿಯುತ್ತಿದ್ದದ್ದು ಅಷ್ಟೇ.

ಆದರೆ ಮೈಸೂರಿನ ಅತ್ತೆ ಬದಲಾಗತೊಡಗಿದರು. ಎರಡು ತಿಂಗಳಾದ ಮೇಲೆ ಒಂದು ದಿನ ಫೋನ್ ಮಾಡಿ, "ನನ್ನ ಸಾರಿನ ಬಗ್ಗೆ ಬರ್ದಿದ್ದೀಯಲ್ಲ, ನಿಮ್ಮ ಮಾವನಿಗೂ ಓದಿ ಹೇಳ್ದೆ" ಎಂದರು. ದನಿ ಒದ್ದೆಯಾಗಿತ್ತು. ನಾನು ಸಾರಿನ ಬಗ್ಗೆ ಏನೂ ಬರೆದಿರಲಿಲ್ಲ. ಯಾವುದೋ ಹಳೆಯ ಬರಹ ಓದಿರಬೇಕು ಎಂದುಕೊಂಡು ಸುಮ್ಮನಾದೆ. ಮುಂದಿನ ತಿಂಗಳು, "ಮಗಳೇ" ಎಂದು ಕರೆದರು. ಆ ಮನೆಗೆ ಸೊಸೆಯಾಗಿ ಹೋಗಿ ಒಂಬತ್ತು ವರ್ಷಕ್ಕೆ ಮೊದಲ ಬಾರಿ. ನಾನು ಅಲ್ಲಿ ಕೂತು ತಲೆ ಕೆರೆದುಕೊಂಡೆ. ದೂರ ಹೋದರೆ ಪ್ರೀತಿ ಬರುತ್ತದೇನೋ ಎಂದುಕೊಂಡೆ.

ಆ ಕಾರ್ಖಾನೆಯಲ್ಲಿ ನನಗೆ ಒಬ್ಬಳು ಗೆಳತಿಯಾದಳು. ನನ್ನಂತೆಯೇ ಬಾಗಿಲಿನ ರಬ್ಬರು ಪರೀಕ್ಷೆ ಮಾಡುವವಳು. ಅವಳೂ ತನ್ನ ಭಾಷೆಯಲ್ಲಿ ಒಂದು ಬ್ಲಾಗ್ ಬರೆಯುತ್ತಿದ್ದಳು. ಅಲ್ಲಿನದೇ ತಾಣ, ಅಲ್ಲಿನವರೇ ಓದುಗರು. ಅವಳ ಅಜ್ಜಿ ಇದ್ದ ಓಣಿಯನ್ನು ಕೆಡವಿದ ಸುದ್ದಿ ಬರೆದು, ಚಿತ್ರ ಹಾಕಿದಳು. ಒಂದು ಬೆಳಿಗ್ಗೆ ಅದು ಇರಲಿಲ್ಲ. ಆ ಒಂದು ಬರಹವಷ್ಟೇ ಅಲ್ಲ, ಆರು ವರ್ಷ ಬರೆದದ್ದೆಲ್ಲವೂ ಇರಲಿಲ್ಲ. ಅವಳನ್ನು ಒಂದು ಕಚೇರಿಗೆ ಕರೆಸಿದರು. ಮೂರು ದಿನ ಬಿಟ್ಟು ಕೆಲಸಕ್ಕೆ ಬಂದಳು. ಊಟದ ಹೊತ್ತಿನಲ್ಲಿ ನನ್ನನ್ನು ಹೊರಗೆ ಪಾರ್ಕಿಂಗ್ ಲಾಟ್‌ಗೆ ಕರೆದುಕೊಂಡು ಹೋಗಿ, "ನಿನ್ನ ಭಾಷೆಯಲ್ಲಿ ಬರಿ" ಎಂದಳು. ಕಳೆದುಹೋದ ಬರಹದಲ್ಲಿ ನೆನಪಿದ್ದಷ್ಟನ್ನು, ಕೊನೆಗೆ ಕಚೇರಿಯಲ್ಲಿ ನಡೆದ ಮಾತನ್ನೂ ಅವಳು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ನಾನು ಫೋನಿನಲ್ಲಿ ಕನ್ನಡಕ್ಕೆ ಇಳಿಸಿಕೊಂಡೆ. ಮುಗಿದ ಮೇಲೆ ತನ್ನ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯುತ್ತಾರೆಂದು ಕೇಳಿದಳು. ಬರೆದು ತೋರಿಸಿದೆ. ಮೂರು ಅಕ್ಷರ. ಅವಳು ಅದನ್ನು ಬೆರಳಿನಿಂದ ಕಾರಿನ ಧೂಳಿನ ಮೇಲೆ ತಿದ್ದಿ ನೋಡಿದಳು. "ಹೆಸರು ಹಾಕು. ಇದನ್ನು ನಾನು ಬರೆದೆ ಎಂದು ಎಲ್ಲಾದರೂ ಒಂದು ಕಡೆ ಇರಲಿ" ಎಂದಳು. ನಾನು ಮಾತು ಕೊಟ್ಟೆ.

ಅವತ್ತೇ ಆಂಟಿಗೆ ಕಳಿಸಿದೆ. ಕರೆಸಿದವರನ್ನು ಎಂದಿನಂತೆ ಅತ್ತೆ ಮಾಡಿದ್ದೆ. ಕಳಿಸಿ, ಭಯಕ್ಕೆ ನನ್ನ ಫೋನಿನಲ್ಲಿದ್ದದ್ದನ್ನು ಅಳಿಸಿದೆ. "ಹಾಕಿದ್ದೇನೆ" ಎಂದು ಉತ್ತರ ಬಂತು. ಗೆಳತಿಗೆ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು ನಿಂತಳು. ಆಮೇಲೆ ಅವಳನ್ನು ಬೇರೆ ವಿಭಾಗಕ್ಕೆ ಹಾಕಿದರು. ನಾನು ವಾಪಸ್ ಬರುವ ಹೊತ್ತಿಗೆ ಅವಳು ನನ್ನ ಮೆಸೇಜುಗಳಿಗೆ ಉತ್ತರಿಸುವುದನ್ನು ನಿಲ್ಲಿಸಿದ್ದಳು. ತಾನಾಗಿ ನಿಲ್ಲಿಸಿದಳೋ, ಬೇರೆಯವರು ನಿಲ್ಲಿಸಿದರೋ, ನನಗೆ ತಿಳಿಯಲಿಲ್ಲ.

ಡೆಟ್ರಾಯಿಟ್ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸಿಗಾಗಿ ಕಾಯುತ್ತಾ ಒಂದೂವರೆ ವರ್ಷದ ಮೇಲೆ ನನ್ನ ಬ್ಲಾಗ್ ತೆರೆದೆ. ತೆರೆಯಿತು! ಅದೇ ದೊಡ್ಡ ಸಂಭ್ರಮ. ಮೊದಲು ಹುಡುಕಿದ್ದು ಗೆಳತಿಯ ಬರಹವನ್ನು. ಶೀರ್ಷಿಕೆ ಇತ್ತು, 'ಅಜ್ಜಿಯ ಓಣಿ' ಎಂದು. ಕೆಳಗೆ ಮೂರೇ ಸಾಲು. "ಇಲ್ಲಿ ಬೆಳಿಗ್ಗೆ ಓಣಿಗಳಲ್ಲಿ ಸೋಯಾ ಹಾಲು ಮಾರುತ್ತಾರೆ. ವಾಸನೆ ಬಹಳ ಚೆನ್ನಾಗಿರುತ್ತದೆ. ಅತ್ತೆಯವರು ಕೊಡುತ್ತಿದ್ದ ಬಾದಾಮಿ ಹಾಲಿನ ನೆನಪಾಯಿತು."

ಉಳಿದದ್ದನ್ನು ಓದಿದೆ. ಎಲ್ಲ ಕಡೆಯೂ ಅದೇ. ಅತ್ತೆ ಬಾಗಿಲು ಹಾಕಿದ್ದಿಲ್ಲ, ಬೇಡವೆಂದದ್ದಿಲ್ಲ. ಅತ್ತೆಯ ಸಾರು, ಅತ್ತೆಯ ಕೈಗುಣ, ಅತ್ತೆಯ ಆಶೀರ್ವಾದ. ಬೆಲ್ಟಿನ ಮೇಲೆ ನನ್ನ ಸೂಟ್‌ಕೇಸ್ ಎರಡು ಸುತ್ತು ಹಾಕಿತಂತೆ, ಪಕ್ಕದಲ್ಲಿ ನಿಂತಿದ್ದವರು ಹೇಳಿದ ಮೇಲೆ ಗೊತ್ತಾಯಿತು.

ಆ ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಎರಡು ಎಕ್ಸಿಟ್ ತಪ್ಪಿದೆ. ಆಂಟಿ ಬಾಗಿಲು ತೆರೆದು, "ಬಂದ್ಯಾ ತಾಯಿ, ಎಷ್ಟು ಇಳಿದುಹೋಗಿದ್ದೀಯೇ!" ಎಂದು ಕೆನ್ನೆ ಹಿಡಿದರು. ಕೈ ತೆಗೆದುಹಾಕಿದೆ.

"ಆಂಟಿ, ನನ್ನ ಸಾಲೆಲ್ಲ ಎಲ್ಲಿ?"

ಅವರು ತಡವರಿಸಲಿಲ್ಲ. "ಕೂತ್ಕೋ. ನಿಮ್ಮತ್ತೆ ದಿನಾ ಓದ್ತಾರೆ ಅಂತ ನೀನೇ ಹೇಳಿದ್ಯಲ್ಲಮ್ಮ! ಒಬ್ಬಳೇ ಇದ್ದೀಯ, ತಲೆ ಕೆಟ್ಟು ಅವರ ಮೇಲೆ ಏನೇನೋ ಬರೀತಿದ್ದೀಯ ಅನ್ಕೊಂಡೆ. ಸಂಸಾರ ಒಡೆದು ಹೋಗಲ್ವಾ? ಒಂದೆರಡು ಒಳ್ಳೆ ಮಾತು ಸೇರಿಸ್ದೆ. ಅಷ್ಟೇ."

"ಅತ್ತೆ ಅಂದ್ರೆ ಸರ್ಕಾರ ಆಂಟಿ! ಅಲ್ಲಿನ ಸರ್ಕಾರ! ಹೋಗೋ ಮುಂಚೆ ಹೇಳಿದ್ನಲ್ಲ, ಇದೇ ಅಡುಗೆಮನೇಲಿ!"

"ಯಾವಾಗ ಹೇಳ್ದೆ?"

"ಮಿಕ್ಸಿ ಹಾಕಿದ್ರಲ್ಲ, ಆಗ."

"ಮಿಕ್ಸಿ ಹಾಕಿದಾಗ ಹೇಳಿದ್ರೆ ನಂಗೆ ಹೇಗಮ್ಮ ಕೇಳುತ್ತೆ?"

ಸೋಫಾದ ಮೂಲೆಯಲ್ಲಿ ಕೂತಿದ್ದ ಅಂಕಲ್ ಕಿಸಕ್ಕನೆ ನಕ್ಕರು. ನನಗೂ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಅಳುತ್ತಲೇ ಗೆಳತಿಯ ಕಥೆಯನ್ನೆಲ್ಲ ಹೇಳಿದೆ. ಆರು ವರ್ಷದ ಬರಹ ಹೋದದ್ದು, ಅವಳು ಹೇಳಿ ನಾನು ಬರೆದುಕೊಂಡದ್ದು, ಅವಳ ಹೆಸರು, ನಾನು ಕೊಟ್ಟ ಮಾತು. "ಅಲ್ಲಿನವರು ಒಂದು ಸಲ ಅಳಿಸಿದ್ರು. ನೀವು ಎರಡನೇ ಸಲ ಅಳಿಸಿದ್ರಿ. ಅವರಿಗೂ ನಿಮಗೂ ಏನು ವ್ಯತ್ಯಾಸ?" ಎಂದು ಕೂಗಿದೆ. ಆ ಮಾತನ್ನು ಈಗ ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸುತ್ತದೆ. ಒಮ್ಮೊಮ್ಮೆ ಬೇಡವೆನಿಸುತ್ತದೆ.

ಆಂಟಿ ನಡುಬೆರಳಿನ ಗಂಟನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಕೂತರು. "ಆ ಹುಡುಗಿಗೂ ಅತ್ತೆ ಕಾಟ, ನಿನಗೂ ಅತ್ತೆ ಕಾಟ, ಇಬ್ರೂ ಸೇರ್ಕೊಂಡು ಅಳ್ತಿದ್ದೀರ ಅನ್ಕೊಂಡೆ ಕಣಮ್ಮ" ಎಂದರು. ಆಮೇಲೆ ಕೇಳಿದರು: "ಈಗ ಎಲ್ಲಿದ್ದಾಳೆ ಅವಳು?"

"ಅಲ್ಲೇ ಇದ್ದಾಳೆ. ಇನ್ನೆಲ್ಲಿ ಹೋಗ್ತಾಳೆ?"

"ಹೆಸರು ಹಾಕು ಅಂತ ಅವಳೇ ಹೇಳಿದ್ಲಾ?"

"ಅವಳೇ."

ಮೇಲ್ ಇದೆಯಾ ಎಂದು ಕೇಳಿದೆ. "ನೀನೇ ಅಳಿಸಿ ಅಂದಿದ್ಯಲ್ಲ" ಎಂದರು. ಪ್ರಿಂಟ್ ತೆಗೆದಿದ್ದು? ಕಿಟಕಿಯ ಕಡೆ ನೋಡಿ, "ರೀಸೈಕಲ್ ಡಬ್ಬಕ್ಕೆ ಹೋಗಿರ್ಬೇಕು" ಎಂದರು. ಊಟ ಮಾಡದೆ ಹೊರಟೆ. ಆಂಟಿ ಡ್ರೈವ್‌ವೇ ತನಕ ಬಂದು ಡಬ್ಬಿಯಲ್ಲಿ ಚಿತ್ರಾನ್ನ ಕೊಟ್ಟರು. ಇಂಡಿಯಾನಾದ ಒಂದು ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿ ಅದನ್ನೇ ತಿಂದೆ. ಸಿಟ್ಟಿತ್ತು, ಹಸಿವೂ ಇತ್ತು.

ಗೆಳತಿಯ ಬರಹವನ್ನು ನೆನಪಿನಿಂದ ಬರೆಯಲು ಎಷ್ಟೋ ಸಲ ಕೂತೆ. ಬರಲಿಲ್ಲ. ಓಣಿ, ಬಾಗಿಲು, ಸೋಯಾ ಹಾಲು ಇವೆಲ್ಲ ನೆನಪಿದ್ದವು. ಆದರೆ ಪಾರ್ಕಿಂಗ್ ಲಾಟ್‌ನಲ್ಲಿ ಅವಳು ಹೇಳಿದ ಮಾತುಗಳು ಬರುವ ಬದಲು ನನ್ನ ಮಾತುಗಳೇ ಬರುತ್ತಿದ್ದವು. ಬ್ಲಾಗ್ ಬರೆಯುವುದನ್ನೇ ಬಿಟ್ಟೆ. ಆಂಟಿ ಭಾನುವಾರದ ಹೊತ್ತು ಫೋನ್ ಮಾಡಿ "ಬರೆದ್ಯಾ?" ಎನ್ನುವರು. "ಇಲ್ಲ" ಎನ್ನುವೆ. "ಬರಿ" ಎನ್ನುವರು. ಬೇರೆ ಮಾತಿರುತ್ತಿರಲಿಲ್ಲ. ಅತ್ತ ಮೈಸೂರಿನ ಅತ್ತೆ, "ಯಾಕಮ್ಮ ಬರೆಯೋದು ನಿಲ್ಲಿಸ್ದೆ, ದಿನಾ ನೋಡ್ತೀನಿ" ಎನ್ನುತ್ತಿದ್ದರು. ಅವರಿಗೆ ನಿಜ ಹೇಳುವ ಬಾಯಿ ನನಗಿರಲಿಲ್ಲ. ಕಳೆದುಕೊಂಡದ್ದಕ್ಕೆ ಅಳಲೋ, ಸಿಕ್ಕಿದ್ದಕ್ಕೆ ನಗಲೋ? ಗೆಳತಿಯ ಬರಹ ಹೋದ ಬಾಗಿಲಿನಲ್ಲೇ ಅತ್ತೆ ಒಳಗೆ ಬಂದಿದ್ದರು.

ಹೀಗೇ ಎರಡು ಚಳಿಗಾಲ ಕಳೆಯಿತು. ಮೂರನೆಯದರಲ್ಲಿ ಅಂಕಲ್ ಫೋನ್ ಮಾಡಿದರು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಆಂಟಿಗೆ ಎದೆನೋವು ಬಂತು, ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟರು ಎಂದರು. ಹೋದೆ. ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್, ಹಿಮ ಮೊಣಕಾಲೆತ್ತರ. ಮನೆ ತುಂಬ ಜನ. ದೇವಸ್ಥಾನದವರು ತಂದು ಗೋಡೆಗೆ ಅಂಟಿಸಿದ್ದ ಹಾಳೆಯಲ್ಲಿ 'ಶ್ರದ್ದಾಂಜಲಿ' ಎಂದಿತ್ತು. 'ದ್ದಾ' ಅಲ್ಲ, 'ದ್ಧಾ'. ಯಾರಿಗೂ ಹೇಳಲು ಮನಸ್ಸಾಗಲಿಲ್ಲ. ಫೋನಿನ ಪಕ್ಕದ ಡಬ್ಬದಲ್ಲಿ ಅವರ ಕೆಂಪು ಪೆನ್ನಿತ್ತು. ತೆಗೆದುಕೊಂಡು ಹೋಗಿ ತಿದ್ದಿದೆ. ಅಲ್ಲಿಯವರೆಗೆ ಬಾರದ ಅಳು ಆಗ ಬಂತು.

ಹೊರಡುವಾಗ ಅಂಕಲ್ ಒಂದು ಫೈಲು ತಂದುಕೊಟ್ಟರು. "ತಗೋಮ್ಮ, ಇದರ ಮೇಲೆ ನಿನ್ನ ಬ್ಲಾಗಿನ ಹೆಸರಿದೆ. ಅಡುಗೆಮನೆ ಡ್ರಾಯರ್‌ನಲ್ಲಿತ್ತು" ಎಂದರು. ಹಾಳೆಗಳ ಅಂಚಿನಲ್ಲಿ ಕೆಂಪು ಮಸಿ ಕಂಡು, ಆಂಟಿ ಯಾವಾಗ ಇದನ್ನು ತಿದ್ದುತ್ತಿದ್ದರು ಎಂದು ಕೇಳಿದೆ. "ಇವಳು ಯಾವಾಗ ತಿದ್ದುತ್ತಿರ್ಲಿಲ್ಲ ಹೇಳು? ನಾನು ಕೇಳೋದನ್ನೇ ಬಿಟ್ಟಿದ್ದೆ" ಎಂದರು.

ಕಾರಿನಲ್ಲಿ ಕೂತು ತೆರೆದೆ. ನಾನು ಚೀನಾದಿಂದ ಕಳಿಸಿದ ಅಷ್ಟೂ ಮೇಲ್‌ಗಳ ಪ್ರಿಂಟು. ಡಬ್ಬಕ್ಕೆ ಹೋಗಿರಲಿಲ್ಲ. ಪ್ರತಿ ಹಾಳೆಯಲ್ಲೂ ಹೊಡೆದ ಸಾಲುಗಳಿದ್ದವು, ಬಾಲ ಬಿಟ್ಟ ಗೆರೆಗಳಿದ್ದವು, ಅಂಚಿನಲ್ಲಿ ಸಾರು, ಕೈಗುಣ, ಬಾದಾಮಿ ಹಾಲು ಇದ್ದವು. ಕೊನೆಯ ಹಾಳೆ ಗೆಳತಿಯದು. ಅದರಲ್ಲಿ ಮೇಲಿಂದ ಕೆಳಗಿನವರೆಗೆ ಹೊಡೆದಿತ್ತು. ಆದರೆ ಅದೊಂದರಲ್ಲಿ ಮಾತ್ರ ಹೊಡೆದ ಸಾಲುಗಳ ಕೆಳಗೆ ಚುಕ್ಕಿಗಳಿದ್ದವು. 'ಅತ್ತೆ' ಎಂಬ ಪದಕ್ಕೂ ಇದ್ದವು. ಒಂದೊಂದು ಅಕ್ಷರಕ್ಕೂ ಒಂದೊಂದು ಚುಕ್ಕಿ, ನೂರಾರು. ಅಂಚಿನಲ್ಲಿ ಉದ್ದಕ್ಕೂ 'ಇರಲಿ', 'ಇರಲಿ', 'ಇರಲಿ'.

ಯಾವಾಗ ಇಟ್ಟರು ಈ ಚುಕ್ಕಿಗಳನ್ನು? ನಾನು ಕೂಗಿ ಹೋದ ಮೇಲೋ? ಹಾಗಾದರೆ ಫೋನಿನಲ್ಲಿ ಯಾಕೆ ಹೇಳಲಿಲ್ಲ? ಅಥವಾ ಮೊದಲೇ ಇಟ್ಟು, ಬೇಡವೆಂದು ಹಿಂಜರಿದರೋ? ಹಾಗಾದರೆ ಮಿಕ್ಸಿಯ ಸದ್ದಿನಲ್ಲೂ ಅವರಿಗೆ ನನ್ನ ಮಾತು ಕೇಳಿಸಿತ್ತೇ? ಗೆರೆಯ ಕೆಂಪೂ ಚುಕ್ಕಿಯ ಕೆಂಪೂ ಒಂದೇ ಬಣ್ಣ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದೆ, ಏನೂ ತಿಳಿಯಲಿಲ್ಲ.

ವಾರೆನ್‌ಗೆ ಬಂದು, ಮಾರನೆಯ ದಿನ ಮೊದಲು ಮೈಸೂರಿಗೆ ಫೋನ್ ಮಾಡಿದೆ. ಇನ್ನು ನನ್ನ ಬ್ಲಾಗಿನಲ್ಲಿ ಬರುವ ಅತ್ತೆ ನೀವಲ್ಲ, ಅದು ಒಂದು ಸಂಕೇತ, ಹೀಗೆ ಹೀಗಾಯಿತು ಎಂದು ಹೇಳಿದೆ. ಅವರು ಸಾವಧಾನವಾಗಿ ಕೇಳಿದರು.

"ಹಾಗಾದ್ರೆ, ನನ್ನ ಸಾರಿನ ಬಗ್ಗೆ ಬರೆದಿದ್ದು?" ಎಂದರು. ದನಿ ಸಣ್ಣದಾಗಿತ್ತು.

"ಅದು ನಾನೇ ಬರೆದಿದ್ದು ಅತ್ತೆ. ಆಂಟಿ ಬರೀ ಕಾಗುಣಿತ ತಿದ್ದಿದ್ರು" ಎಂದೆ.

ಹೇಳಿ ಫೋನ್ ಇಟ್ಟೆ. ಆಂಟಿಯನ್ನು ಯಾವುದಕ್ಕೆ ಬೈದಿದ್ದೆನೋ ಅದನ್ನೇ ನಾನೂ ಮಾಡಿದ್ದೆ, ಅವರಿಗಿಂತ ಸಲೀಸಾಗಿ.

ಆಮೇಲೆ ಗೆಳತಿಯ ಬರಹವನ್ನು ಚುಕ್ಕಿ ಇದ್ದಲ್ಲೆಲ್ಲ ಅಕ್ಷರ ಬಿಡದೆ ಟೈಪ್ ಮಾಡಿ ಹಾಕಿದೆ:

"ನಮ್ಮಜ್ಜಿಯ ಓಣಿಯಲ್ಲಿ ಹದಿನೇಳು ಬಾಗಿಲುಗಳಿದ್ದವು. ಮೂಲೆಯ ಅಂಗಡಿಯವನು ಬೆಳಿಗ್ಗೆ ಸೋಯಾ ಹಾಲು ಕಾಯಲು ಇಟ್ಟರೆ ಅದರ ವಾಸನೆಗೆ ಎಲ್ಲ ಬಾಗಿಲೂ ತೆರೆಯುತ್ತಿದ್ದವು. ಅಜ್ಜಿಯದು ಕೊನೆಗೆ, ಅವಳಿಗೆ ಮೊಣಕಾಲು ನೋವು. ಓಣಿ ಕೆಡವಿದ ದಿನ ಬಾಗಿಲುಗಳನ್ನು ಲಾರಿಗೆ ತುಂಬಿದರು. ಅಜ್ಜಿ ಲಾರಿಯ ಹತ್ತಿರ ಹೋಗಿ ತನ್ನದು ಯಾವುದೆಂದು ಹುಡುಕಿದಳು. ಇದನ್ನೆಲ್ಲ ಯಾಕೆ ಬರೆದೆ ಎಂದು ಅತ್ತೆ ಕರೆಸಿ ಕೇಳಿದರು. ಅಜ್ಜಿಗೆ ಅವಳ ಬಾಗಿಲು ಸಿಗಲಿಲ್ಲ, ಅದಕ್ಕೇ ಬರೆದೆ ಎಂದೆ. ಇದನ್ನು ಬರೆದವಳ ಹೆಸರು"

ಹಾಳೆಯಲ್ಲಿ ಅದರ ಮುಂದೆ ಮೂರು ಅಕ್ಷರಗಳಿವೆ. ಅವುಗಳ ಮೇಲೆ ಕೆಂಪು ಗೆರೆಯಿದೆ. ಇಡೀ ಹಾಳೆಯಲ್ಲಿ ಕೆಳಗೆ ಚುಕ್ಕಿ ಇಲ್ಲದಿರುವುದು ಆ ಮೂರಕ್ಕೆ ಮಾತ್ರ.

ಹೆಸರು ಹಾಕು ಎಂದವಳು ಅವಳು. ಹಾಕುತ್ತೇನೆ ಎಂದವಳು ನಾನು. ಆದರೆ ಅವಳಿನ್ನೂ ಆ ಅತ್ತೆಯ ಮನೆಯಲ್ಲೇ ಇದ್ದಾಳೆ. ಮೂರು ಸಲ ಟೈಪ್ ಮಾಡಿದೆ, ಮೂರು ಸಲ ಅಳಿಸಿದೆ. ಅವಳನ್ನು ಕೇಳೋಣವೆಂದರೆ ಉತ್ತರ ಬರುವುದಿಲ್ಲ, ಆಂಟಿಯನ್ನು ಕೇಳೋಣವೆಂದರೆ ಆಂಟಿಯಿಲ್ಲ. ಅವರ ಕೆಂಪು ಪೆನ್ನು ಈಗ ನನ್ನ ಹತ್ತಿರವೇ ಇದೆ. ಅದನ್ನು ತೆಗೆದುಕೊಂಡು ಆ ಹಾಳೆಯ ಮೇಲೆ ಬಗ್ಗಿ ಕೂತೆ. ಮೂರೇ ಚುಕ್ಕಿ ಸಾಕಿತ್ತು. ನಾನೂ ಇಡಲಿಲ್ಲ.